ಹಂಗಾಮಿಗೊಂದು ಬೀರು: ನಮ್ಮ ಜೋಳ, ಬೆಲ್ಲಕ್ಕೆ ಅದರಲ್ಲಿ ಪಾಲೆಷ್ಟು?

ಶಿರೋಳಿ: ಪುಣೆ–ಬೆಂಗಳೂರು ಹೆದ್ದಾರಿ ಪಂಚಗಂಗಾ ನದಿಯನ್ನು ದಾಟುವ ಜಾಗದಲ್ಲಿ ಪುಲಾಚಿ ಶಿರೋಳಿ ಇದೆ. ಒಂದು ಮಗ್ಗುಲಿಗೆ ಫೌಂಡ್ರಿಗಳ ಎಂಐಡಿಸಿ, ಇನ್ನೊಂದು ಮಗ್ಗುಲಿಗೆ ಕಬ್ಬು. ಕಾಗಲ, ನಿಪ್ಪಾಣಿ, ಗಡಹಿಂಗ್ಲಜ, ಇಚಲಕರಂಜಿ ಕಡೆಯ ಜನರಿಗೆ ಈ ರಸ್ತೆ ದಿನನಿತ್ಯದ್ದು. ಈ ರಸ್ತೆಯ ಒಂದು ತುದಿಗೆ ಪುಣೆ, ಇನ್ನೊಂದು ತುದಿಗೆ ಬೆಂಗಳೂರು. ಕಳೆದ ಹದಿನೈದು ವರ್ಷಗಳಲ್ಲಿ ದೇಶದಲ್ಲಿ ಸಣ್ಣ ಬೀರು ಭಟ್ಟಿಗಳಿಗೆ, ಅಂದರೆ ಮೈಕ್ರೋಬ್ರೂವರಿಗಳಿಗೆ, ಹೆಸರಾದ ಊರುಗಳಲ್ಲಿ ಇವೆರಡೂ ಮುಂಚೂಣಿಯಲ್ಲಿವೆ.

ಅಲ್ಲಿ ಕೆಲಸಕ್ಕೆ ಹೋದ ಹುಡುಗರು ಹಬ್ಬಕ್ಕೆ ಊರಿಗೆ ಬಂದಾಗ ಹೇಳುವ ಸುದ್ದಿ ಹಿರಿಯರಿಗೆ ವಿಚಿತ್ರವೆನಿಸುತ್ತದೆ. ಬೇಸಿಗೆಯಲ್ಲಿ ಮಾವಿನ ಬೀರು, ಮಳೆಗಾಲದಲ್ಲಿ ಕಾಫಿ ಬಣ್ಣದ ಬೀರು, ಡಿಸೆಂಬರಿಗೆ ಮಸಾಲೆ ಬೀರು! ಬೀರಿಗೂ ಹಂಗಾಮು ಎಂಬುದಿದೆಯೆ? ಇದ್ದರೆ ನಮ್ಮ ಜೋಳಕ್ಕೆ, ಬೆಲ್ಲಕ್ಕೆ, ಹಣ್ಣಿಗೆ ಅದರಲ್ಲಿ ಜಾಗ ಸಿಕ್ಕೀತೆ? ಊರಿನ ಹೆಣ್ಣುಮಕ್ಕಳು ಕೇಳುವ ಪ್ರಶ್ನೆ ಬೇರೆ: ಇದೂ ದಾರೂನೇ ಅಲ್ಲವೆ? ಈ ಮೂರಕ್ಕೂ ಉತ್ತರ ಹುಡುಕಬೇಕಾದರೆ ಮೊದಲು ಈ ಬೀರು ಹೇಗೆ ತಯಾರಾಗುತ್ತದೆ ಎಂದು ತಿಳಿಯಬೇಕು.

ಸಣ್ಣ ಭಟ್ಟಿ ಅಂದರೆ ಎಷ್ಟು ಸಣ್ಣದು?

ಬಾಟಲಿಯ ಬೀರು ದೊಡ್ಡ ಕಾರ್ಖಾನೆಯ ಮಾಲು. ದಕ್ಷಿಣ ಭಾರತದ ಐದು ಹಳೆಯ ಬ್ರೂವರಿಗಳನ್ನು ಕೂಡಿಸಿ 1915ರಲ್ಲಿ ಶುರುವಾದ ಯುನೈಟೆಡ್ ಬ್ರೂವರೀಸ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಅಂಥ ಕಡೆ ಲಕ್ಷಗಟ್ಟಲೆ ಲೀಟರಿನ ಲೆಕ್ಕ. ಮೈಕ್ರೋಬ್ರೂವರಿಯಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ 500ರಿಂದ 1000 ಲೀಟರ್ ಮಾತ್ರ. ಸ್ಟೀಲಿನ ನಾಲ್ಕಾರು ಟ್ಯಾಂಕು, ಒಂದು ಬಾಯ್ಲರು, ಒಂದು ತಂಪಿನ ಯಂತ್ರ. ಹೆಚ್ಚಾಗಿ ಅದೇ ಕಟ್ಟಡದಲ್ಲಿ ಕುಳಿತವರಿಗೆ ಟ್ಯಾಂಕಿನಿಂದಲೇ ಗ್ಲಾಸಿಗೆ.

ಪುಣೆಯಲ್ಲಿ 2009ರಲ್ಲಿ ಆರಂಭವಾದ ಡೂಲಾಲಿ ಈ ಬಗೆಯ ದೇಶದ ಮೊದಲ ಭಟ್ಟಿಗಳಲ್ಲಿ ಒಂದು. 2014ರಲ್ಲಿ ಅದೇ ಊರಿನಲ್ಲಿ ಇಂಡಿಪೆಂಡೆನ್ಸ್ ಬ್ರೂವಿಂಗ್ ಕಂಪನಿ ಬಂತು. ಬೆಂಗಳೂರಿನಲ್ಲಿ 2010–11ರ ಹೊತ್ತಿಗೆ ಟಾಯ್ಟ್, ದಿ ಬಿಯೆರ್ ಕ್ಲಬ್ ಶುರುವಾದವು. 2012ರಲ್ಲಿ ಆರ್ಬರ್ ಸೇರಿಕೊಂಡಿತು. ಆಮೇಲೆ ಎರಡೂ ಊರುಗಳಲ್ಲಿ ಇವುಗಳ ಸಂಖ್ಯೆ ಬೆಳೆಯುತ್ತ ಹೋಯಿತು.

ಕಾಳಿನಿಂದ ಗ್ಲಾಸಿನವರೆಗೆ

ಬೀರಿನ ಮೂಲ ಬಾರ್ಲಿ, ಅಂದರೆ ಜವೆಗೋಧಿ. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಮೊಳಕೆ ಉದ್ದವಾಗುವ ಮೊದಲೇ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಇದೇ ಮಾಲ್ಟ್. ಮಗುವಿಗೆ ರಾಗಿ ಸರಿ ಮಾಡಲು ಮೊಳಕೆ ಕಟ್ಟಿ ಒಣಗಿಸುವ ತಾಯಂದಿರಿಗೆ ಇದರಲ್ಲಿ ಹೊಸದೇನಿಲ್ಲ. ಮೊಳಕೆ ಬಂದಾಗ ಕಾಳಿನೊಳಗೆ ಹಿಟ್ಟನ್ನು ಸಕ್ಕರೆ ಮಾಡುವ ಕಿಣ್ವಗಳು ಹುಟ್ಟುತ್ತವೆ. ಬೀರು ತಯಾರಕನಿಗೆ ಬೇಕಾದದ್ದು ಆ ಕಿಣ್ವಗಳೇ.

ಮಾಲ್ಟನ್ನು ಒಡೆದು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಸುಮಾರು ಒಂದು ತಾಸು ಇಡುತ್ತಾರೆ. ಹಿಟ್ಟು ಸಿಹಿಯಾಗುತ್ತದೆ. ಬಿಸಿ ನಾಲ್ಕೈದು ಡಿಗ್ರಿ ಹೆಚ್ಚುಕಮ್ಮಿಯಾದರೂ ರುಚಿ ಬದಲಾಗುತ್ತದೆ. ಶಿರೋಳಿಯ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣದ ಬಿಸಿ ತಪ್ಪಿದರೆ ಕಾಸ್ಟಿಂಗ್ ಕೆಡುವುದಿಲ್ಲವೆ, ಇದೂ ಹಾಗೆಯೇ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂವು ಹಾಕಿ ಒಂದರಿಂದ ಒಂದೂವರೆ ತಾಸು ಕುದಿಸುತ್ತಾರೆ. ಬೀರಿನ ಕಹಿ ಇದರಿಂದಲೇ ಬರುವುದು. ಮಾಲು ಬೇಗ ಕೆಡದಂತೆಯೂ ಇದು ಕಾಯುತ್ತದೆ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಹಾಪ್ಸ್ ಬೆಳೆದದ್ದುಂಟು. ಆದರೆ ಭಟ್ಟಿಗಳಿಗೆ ಬರುವುದು ಹೆಚ್ಚಾಗಿ ಜರ್ಮನಿ, ಅಮೆರಿಕಗಳಿಂದ.

ಕುದಿದದ್ದನ್ನು ತಣಿಸಿ ಯೀಸ್ಟ್ ಬೆರೆಸಿದರೆ ಹುಳಿತ ಶುರು. ಯೀಸ್ಟು ಸಕ್ಕರೆಯನ್ನು ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. 'ಏಲ್' ಜಾತಿಯ ಬೀರು 18–20 ಡಿಗ್ರಿಯಲ್ಲಿ ಒಂದು ವಾರದೊಳಗೆ ಹುಳಿತ ಮುಗಿಸುತ್ತದೆ. 'ಲಾಗರ್' ಜಾತಿಯದಕ್ಕೆ 10–12 ಡಿಗ್ರಿಯ ತಂಪು ಬೇಕು, ಜೊತೆಗೆ ವಾರಗಟ್ಟಲೆ ತಾಳ್ಮೆ ಬೇಕು. ನಮ್ಮ ಅಂಬಲಿಯೂ ಹುಳಿತದ ಮಾಲೇ. ಆದರೆ ಅಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಮೊಸರು ಮಾಡುವ ಬಗೆಯ ಬ್ಯಾಕ್ಟೀರಿಯಾ, ಆದ್ದರಿಂದ ಹುಳಿ ಬರುತ್ತದೆ, ನಶೆ ಬರುವುದಿಲ್ಲ.

ಹಂಗಾಮು ಎಲ್ಲಿಂದ ಬಂತು?

ದೀಪಾವಳಿ ಪಾಡ್ಯಕ್ಕೆ ಕೊಲ್ಲಾಪುರ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಮುಹೂರ್ತದ ಸವದೆ ನಡೆಯುವುದು ಎಲ್ಲರಿಗೂ ಗೊತ್ತು. ಗುರ್ಹಾಳಗಳು ಚಳಿಗಾಲದಲ್ಲಿ ಉರಿಯುತ್ತವೆ, ಬೇಸಿಗೆ ಬಲಿಯುವ ಹೊತ್ತಿಗೆ ಆರುತ್ತವೆ. ಕಬ್ಬು ಮಾಗುವ ಕಾಲ ಹಂಗಾಮನ್ನು ಗೊತ್ತು ಮಾಡುತ್ತದೆ. ಯುರೋಪಿನಲ್ಲಿ ಬೀರಿಗೂ ಹಿಂದೆ ಹೀಗೆಯೇ ಕಟ್ಟಿತ್ತು.

ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ 1553ರಲ್ಲಿ ಒಂದು ಅಪ್ಪಣೆ ಹೊರಟಿತು. ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬೀರು ತಯಾರಿಸಬೇಕು, ಬೇಸಿಗೆಯಲ್ಲಿ ಕೂಡದು ಎಂದು. ಕಾರಣ ಸರಳ: ಸೆಕೆಯಲ್ಲಿ ಬೀರು ಕೆಡುತ್ತಿತ್ತು. ಹೀಗಾಗಿ ಮಾರ್ಚ್ ತಿಂಗಳಲ್ಲಿ ತುಸು ಗಟ್ಟಿ ಬೀರು ಮಾಡಿ ತಂಪು ನೆಲಮಾಳಿಗೆಗಳಲ್ಲಿ ಕೂಡಿಟ್ಟು, ಬೇಸಿಗೆ ದಾಟಿಸಿ, ಉಳಿದದ್ದನ್ನು ಸುಗ್ಗಿಯ ಕಾಲಕ್ಕೆ ಮುಗಿಸುತ್ತಿದ್ದರು. ಮಾರ್ಚ್ ಹೆಸರಿನಿಂದಲೇ ಅದು 'ಮೇರ್ಟ್ಸೆನ್' ಆಯಿತು. ಬೆಲ್ಜಿಯಂನ ಹಳ್ಳಿಗಳಲ್ಲಿ ಚಳಿಗಾಲದಲ್ಲಿ ಮಾಡಿಟ್ಟು ಬೇಸಿಗೆಯ ಹೊಲದ ಆಳುಗಳಿಗೆ ಕೊಡುತ್ತಿದ್ದ ಬೀರಿಗೆ 'ಸೇಸೋಂ' ಎಂದು ಹೆಸರು. ಅದರ ಅರ್ಥವೇ ಹಂಗಾಮು.

1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಎಂಬ ಜರ್ಮನ್ ಎಂಜಿನಿಯರ್ ಮ್ಯೂನಿಕ್ ನಗರದ ಬ್ರೂವರಿಗಾಗಿ ತಂಪಿನ ಯಂತ್ರ ರೂಪಿಸಿದ. ಅಲ್ಲಿಂದ ವರ್ಷವಿಡೀ ಬೀರು ಮಾಡುವುದು ಸಾಧ್ಯವಾಯಿತು. ಇಂದು ಹಂಗಾಮಿನ ಬೀರು ಹವಾಮಾನದ ಒತ್ತಾಯವಲ್ಲ, ತಯಾರಕನ ಆಯ್ಕೆ. ದೊಡ್ಡ ಕಾರ್ಖಾನೆ ಒಂದೇ ರುಚಿಯನ್ನು ವರ್ಷವಿಡೀ ಮಾರಲೇಬೇಕು. ಸಣ್ಣ ಭಟ್ಟಿಗೆ 500 ಲೀಟರ್ ಮುಗಿದ ಮೇಲೆ ಮತ್ತೊಂದು ರುಚಿ ಮಾಡಲು ಅಡ್ಡಿಯಿಲ್ಲ. ಸಣ್ಣದಾಗಿರುವುದೇ ಅದಕ್ಕೆ ಅನುಕೂಲ.

ನಮ್ಮ ಸೀಮೆಯ ಪಂಚಾಂಗ

ಕೊಲ್ಲಾಪುರ ಸುತ್ತಮುತ್ತ ಹಂಗಾಮಿನ ಪದಾರ್ಥಗಳಿಗೆ ಬರವಿಲ್ಲ. ಚಳಿಗಾಲದಲ್ಲಿ 2014ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಲಾಪುರದ ಬೆಲ್ಲ. ಮಾಗಿ ಕಳೆದ ಮೇಲೆ ಸೊಲ್ಲಾಪುರ, ವಿಜಯಪುರ ಕಡೆಯ ಹಿಂಗಾರಿ ಜೋಳ; ಸಾಂಗಲಿ, ಅಥಣಿ ಕಡೆಯ ದ್ರಾಕ್ಷಿ. ಏಪ್ರಿಲ್–ಮೇ ತಿಂಗಳಲ್ಲಿ ಘಟ್ಟದ ಕೆಳಗಿನ ಆಪೂಸು, ಆಜರಾ–ಚಂದಗಡದ ಗೇರುಹಣ್ಣು, ಕವಳಿಹಣ್ಣು, ಮುರುಗಲ. ಮೃಗದ ಮಳೆಗೆ ನೇರಳೆ. ಸುಗ್ಗಿಗೆ ಆಜರಾದ ಪರಿಮಳದ ಘನಸಾಳ ಅಕ್ಕಿ.

ಇವು ಬೀರಿಗೆ ಒಗ್ಗುವುದಿಲ್ಲ ಎಂದೇನಿಲ್ಲ. ಬೆಂಗಳೂರಿನ ಟಾಯ್ಟ್ ಬಾಸ್ಮತಿ ಅಕ್ಕಿ ಬೆರೆಸಿದ ಬೀರು ಮಾಡಿ ಹೆಸರಾಗಿದೆ. ಬೇಸಿಗೆಯಲ್ಲಿ ಮಾವು ಬೆರೆಸುವುದು ಎರಡೂ ಊರುಗಳಲ್ಲಿ ರೂಢಿಯಾಗಿದೆ. ಪುಣೆಯ ಮೂನ್‌ಶೈನ್ ಮೀಡರಿ ಜೇನುತುಪ್ಪವನ್ನೇ ಹುಳಿಸಿ 'ಮೀಡ್' ತಯಾರಿಸುತ್ತದೆ.

ಬೆಲ್ಲದ ವಿಷಯ ಸುಲಭ. 100 ಲೀಟರಿಗೆ ಒಂದು ಕಿಲೋ ಹಾಕಿದರೆ ಮದ್ಯಸಾರ ಸುಮಾರು ಶೇ. 0.5ರಷ್ಟು ಏರುತ್ತದೆ. ಸಿಹಿಯನ್ನು ಯೀಸ್ಟು ತಿಂದುಬಿಡುತ್ತದೆ, ಉಳಿಯುವುದು ಬೆಲ್ಲದ ಬಣ್ಣ ಮತ್ತು ವಾಸನೆ ಮಾತ್ರ. ಹೆಚ್ಚು ಹಾಕಿದರೆ ಬೀರು ತೆಳುವಾಗಿ ನಶೆ ಮಾತ್ರ ಏರುತ್ತದೆ.

ಜೋಳದ ವಿಷಯ ಅಷ್ಟು ಸುಲಭವಲ್ಲ. ಬಾರ್ಲಿಗೆ ಹೊಟ್ಟು ಅಂಟಿಕೊಂಡಿರುತ್ತದೆ. ಆ ಹೊಟ್ಟೇ ಜರಡಿಯ ಕೆಲಸ ಮಾಡಿ ಸಿಹಿನೀರನ್ನು ಸೋಸುತ್ತದೆ. ಜೋಳಕ್ಕೆ ಹೊಟ್ಟಿಲ್ಲ, ಹಿಟ್ಟು ಅಂಟಾಗಿ ಕಟ್ಟಿಕೊಳ್ಳುತ್ತದೆ. ಜೋಳದ ಹಿಟ್ಟು ಬೇಯಲು ಬಾರ್ಲಿಗಿಂತ ಹೆಚ್ಚು ಬಿಸಿ ಬೇಕು, ಆದರೆ ಅಷ್ಟು ಬಿಸಿಯಲ್ಲಿ ಕಿಣ್ವಗಳು ಸಾಯುತ್ತವೆ. ಆದ್ದರಿಂದ ಜೋಳವನ್ನು ಮೊದಲು ಬೇರೆ ಬೇಯಿಸಿ ಆಮೇಲೆ ಮಾಲ್ಟಿಗೆ ಕೂಡಿಸಬೇಕು. ಕಷ್ಟ ನಿಜ, ಅಸಾಧ್ಯವಲ್ಲ. ನೈಜೀರಿಯಾ ದೇಶ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದನ್ನೇ ನಿಲ್ಲಿಸಿತು. ಅಲ್ಲಿನ ದೊಡ್ಡ ಕಾರ್ಖಾನೆಗಳು ಜೋಳ, ಮೆಕ್ಕೆಜೋಳಕ್ಕೆ ಹೊರಳಲೇಬೇಕಾಯಿತು, ಹೊರಳಿದವು ಕೂಡ. ನಿಷೇಧ ತೆಗೆದ ಮೇಲೂ ಜೋಳದ ಬಳಕೆ ಉಳಿಯಿತು. ದಕ್ಷಿಣ ಆಫ್ರಿಕಾದ ಹಳ್ಳಿಗಳಲ್ಲಂತೂ ಜೋಳದ ಬೀರು ತಲೆತಲಾಂತರದ್ದು.

ಲೆಕ್ಕ ಹಾಕಿ ನೋಡಿ

ಹಾಗಾದರೆ ರೈತನಿಗೆ ಲಾಭವೆ? ಭಾಷಣಗಳಲ್ಲಿ 'ರೈತರ ಮಾಲಿಗೆ ಮೌಲ್ಯವರ್ಧನೆ' ಎಂದು ಹೇಳುವುದು ಸುಲಭ. ಪೆನ್ನು ಹಿಡಿದು ಕುಳಿತರೆ ಚಿತ್ರ ಬೇರೆಯೇ ಕಾಣುತ್ತದೆ.

ಶೇ. 5ರ ಬೀರಿಗೆ 100 ಲೀಟರಿಗೆ ಸುಮಾರು 20 ಕಿಲೋ ಕಾಳು ಬೇಕು. 500 ಲೀಟರಿಗೆ ಒಂದು ಕ್ವಿಂಟಲ್. ಅದರಲ್ಲಿ ಕಾಲು ಪಾಲು ಜೋಳ ಎಂದು ಹಿಡಿಯೋಣ. 25 ಕಿಲೋ ಆಯಿತು. ವಾರಕ್ಕೆರಡು ಸಲದಂತೆ ವರ್ಷಕ್ಕೆ 104 ಸಲ ಮಾಡಿದರೂ, ಅಷ್ಟಕ್ಕೂ ಜೋಳವನ್ನೇ ಬೆರೆಸಿದರೂ, ಒಟ್ಟು 26 ಕ್ವಿಂಟಲ್. ಒಣಬೇಸಾಯದಲ್ಲಿ ಎಕರೆಗೆ 5 ಕ್ವಿಂಟಲ್ ಹಿಡಿದರೆ ಐದೂಕಾಲು ಎಕರೆ ಹೊಲ ಸಾಕು. ಒಂದೇ ಮನೆತನದ ಜಮೀನು! ಮಾವಿನ ತಿರುಳು 500 ಲೀಟರಿಗೆ 50ರಿಂದ 100 ಕಿಲೋ. ನೇರಳೆಯಾದರೆ ಒಂದೆರಡು ದೊಡ್ಡ ಮರಗಳ ಫಸಲಿಗೆ ಮುಗಿಯಿತು. ಬೆಲ್ಲ 5ರಿಂದ 10 ಕಿಲೋ, ಅಂದರೆ ಒಂದು ಪೂರ್ತಿ ಭೇಲಿಯೂ ಬೇಡ.

ಅಂದರೆ ಸಣ್ಣ ಭಟ್ಟಿ ಒಂದು ತಾಲೂಕಿನ ರೈತರನ್ನು ಎತ್ತಿ ನಿಲ್ಲಿಸುವ ಮಾರುಕಟ್ಟೆಯಲ್ಲ. ಒಳ್ಳೆಯ ಮಾಲನ್ನು, ಹೇಳಿದ ದಿನಕ್ಕೆ, ಒಂದೇ ಗುಣಮಟ್ಟದಲ್ಲಿ ಕೊಡಬಲ್ಲ ಒಬ್ಬಿಬ್ಬರಿಗೆ ಪೇಟೆಗಿಂತ ತುಸು ಹೆಚ್ಚಿನ ದರ ಸಿಕ್ಕೀತು. 'ಬೀರಿಗೆ ಬೇಕು' ಎಂಬ ಮಾತು ಕೇಳಿ ಹೊಲ ತುಂಬ ಒಂದೇ ಬೆಳೆ ಹಾಕುವುದು ಜಾಣತನವಲ್ಲ. ಮೊದಲು ಬರವಣಿಗೆಯಲ್ಲಿ ಕರಾರು, ಆಮೇಲೆ ಬಿತ್ತನೆ.

ರೈತನಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ಇನ್ನೊಂದು ವಸ್ತು ಇದೆ. ಅದರ ಮಾತು ಯಾರೂ ಆಡುವುದಿಲ್ಲ. ಸಿಹಿನೀರು ಸೋಸಿದ ಮೇಲೆ ಉಳಿಯುವ ಕಾಳಿನ ಚರಟ. ಒಂದು ಕ್ವಿಂಟಲ್ ಮಾಲ್ಟಿಗೆ ಹಸಿ ಚರಟ ಹೆಚ್ಚುಕಡಿಮೆ ಅಷ್ಟೇ ತೂಕ ಅಥವಾ ಅದಕ್ಕಿಂತ ಹೆಚ್ಚು ಬರುತ್ತದೆ. ಇದರಲ್ಲಿ ಪ್ರೋಟೀನು, ನಾರು ಚೆನ್ನಾಗಿವೆ, ಎಮ್ಮೆ–ಆಕಳಿಗೆ ಒಳ್ಳೆಯ ಮೇವು. ಯೀಸ್ಟು ಬೆರೆಸುವ ಮೊದಲೇ ತೆಗೆಯುವುದರಿಂದ ಇದರಲ್ಲಿ ನಶೆ ಇರುವುದಿಲ್ಲ. ಆದರೆ ಒಂದೆರಡು ದಿನದೊಳಗೆ ತಿನ್ನಿಸಬೇಕು. ಬೂಸಲು ಬಂದದ್ದನ್ನು ದನದ ಮುಂದೆ ಇಡಬಾರದು. ಮೊದಮೊದಲು ಬೇರೆ ಮೇವಿನ ಜೊತೆ ಸ್ವಲ್ಪವೇ ಬೆರೆಸಬೇಕು. ಹಾಲಿನ ಡೇರಿ ಊರೂರಿಗೂ ಇರುವ ಈ ಸೀಮೆಯಲ್ಲಿ ಭಟ್ಟಿ ಹತ್ತಿರವಿದ್ದರೆ ಇದು ಕೈಗೆ ಸಿಗುವ ಲಾಭ.

ನೀರಿನ ಲೆಕ್ಕವನ್ನೂ ಮರೆಯಬಾರದು. ಒಂದು ಲೀಟರ್ ಬೀರಿಗೆ ದೊಡ್ಡ ಕಾರ್ಖಾನೆಗಳಲ್ಲಿ 3ರಿಂದ 5 ಲೀಟರ್ ನೀರು ಬೇಕು. ಸಣ್ಣ ಭಟ್ಟಿಗಳಲ್ಲಿ ತೊಳೆಯುವ ಕೆಲಸವೇ ಹೆಚ್ಚಾದ್ದರಿಂದ ಅದಕ್ಕಿಂತ ಜಾಸ್ತಿ. ಬಳಸಿದ ನೀರನ್ನು ಶುದ್ಧ ಮಾಡದೆ ಹಳ್ಳಕ್ಕೆ ಬಿಟ್ಟರೆ ಏನಾಗುತ್ತದೆ ಎಂದು ಪಂಚಗಂಗೆಯ ದಂಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತಾಜಾ ಮಾಲಿನ ತೊಂದರೆ

ಬಾಟಲಿ ಬೀರನ್ನು ಸಾಮಾನ್ಯವಾಗಿ ಬಿಸಿ ಮಾಡಿ, ಅಂದರೆ ಪಾಶ್ಚರೀಕರಿಸಿ, ತುಂಬುತ್ತಾರೆ. ತಿಂಗಳುಗಟ್ಟಲೆ ಬಾಳುತ್ತದೆ. ಸಣ್ಣ ಭಟ್ಟಿಯ ಬೀರು ಹೆಚ್ಚಾಗಿ ಹಾಗೆ ಮಾಡದ ಮಾಲು. ಹಾಲಿನ ಹಾಗೆ ತಂಪಿನಲ್ಲಿಟ್ಟು ಬೇಗ ಮುಗಿಸಬೇಕು. 2020ರ ಲಾಕ್‌ಡೌನಿನಲ್ಲಿ ಪುಣೆ, ಬೆಂಗಳೂರಿನ ಭಟ್ಟಿಗಳಲ್ಲಿ ಟ್ಯಾಂಕಿನಲ್ಲಿದ್ದ ಬೀರನ್ನು ಗಟಾರಿಗೆ ಬಿಡಬೇಕಾಗಿ ಬಂದದ್ದು ಇದೇ ಕಾರಣಕ್ಕೆ. 2019ರ ಆಗಸ್ಟಿನ ಮಹಾಪೂರದಲ್ಲಿ ಶಿರೋಳಿ ಬಳಿ ಹೆದ್ದಾರಿ ದಿನಗಟ್ಟಲೆ ಬಂದಾದದ್ದನ್ನು ಕಂಡವರಿಗೆ, ತಾಜಾ ಮಾಲನ್ನು ನೆಚ್ಚಿದ ಧಂದೆಯ ಪಾಡು ಬೇರೆ ಹೇಳಬೇಕಿಲ್ಲ.

ಈ ಖರ್ಚೆಲ್ಲ ಗ್ಲಾಸಿನ ದರಕ್ಕೆ ಸೇರುತ್ತದೆ. ಮಹಾನಗರದಲ್ಲಿ ಒಂದು ಗ್ಲಾಸಿಗೆ ಸಾಮಾನ್ಯವಾಗಿ ₹300 ದಾಟುತ್ತದೆ. ಹೊಲದಲ್ಲಿ ದಿನಗೂಲಿ ಮಾಡುವವನ ಪಗಾರಕ್ಕೆ ಇದನ್ನು ಹೋಲಿಸಿದರೆ ಇದು ಯಾರಿಗಾಗಿ ಇರುವ ಮಾಲು ಎಂಬುದು ತಿಳಿಯುತ್ತದೆ.

ಕಾಯ್ದೆ ಏನು ಹೇಳುತ್ತದೆ?

ಗಡಿ ಭಾಗದವರು ಎರಡು ಕಾಯ್ದೆಗಳ ನಡುವೆ ಬದುಕುವವರು. ಈ ಕಡೆ 1949ರ ಮಹಾರಾಷ್ಟ್ರ ದಾರೂಬಂದಿ ಕಾಯ್ದೆ, ಆ ಕಡೆ 1965ರ ಕರ್ನಾಟಕ ಅಬಕಾರಿ ಕಾಯ್ದೆ. ಮಹಾರಾಷ್ಟ್ರದಲ್ಲಿ ಕಾಗದದ ಮೇಲಾದರೂ ಕುಡಿಯಲು ಪರವಾನಗಿ ಬೇಕು; ಬೀರಿಗೆ 21 ವರ್ಷ, ಗಟ್ಟಿ ಮದ್ಯಕ್ಕೆ 25 ವರ್ಷ ತುಂಬಿರಬೇಕು. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಎರಡೂ ರಾಜ್ಯಗಳಲ್ಲಿ ಅಪರಾಧ. ಇಂಟರ್ನೆಟ್ಟಿನಲ್ಲಿ ನೋಡಿ ಮನೆಯ ಹಿತ್ತಲಲ್ಲಿ ಬ್ಯಾರಲ್ ಇಟ್ಟು 'ನನ್ನದೂ ಸಣ್ಣ ಭಟ್ಟಿ' ಎನ್ನಲು ಬರುವುದಿಲ್ಲ. ಒಂದು ರಾಜ್ಯದ ಮಾಲನ್ನು ಮಾರಾಟಕ್ಕೆಂದು ಗಡಿ ದಾಟಿಸಿದರೂ ಕೇಸು ಬೀಳುತ್ತದೆ.

ಹೆದ್ದಾರಿಯ ವಿಷಯ ಶಿರೋಳಿಯಂಥ ಊರಿಗೆ ಮುಖ್ಯ. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದ ಅಂಗಡಿ ಇರಬಾರದು ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ಆದೇಶಿಸಿತು. 2017ರ ಏಪ್ರಿಲಿನಿಂದ ಜಾರಿಯಾದ ಈ ಆದೇಶವನ್ನು ಆಮೇಲೆ ಸಡಿಲಿಸಲಾಯಿತು: 20,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ ಅಂತರ 220 ಮೀಟರ್ ಆಯಿತು, ನಗರಪಾಲಿಕೆ ವ್ಯಾಪ್ತಿಗೆ ವಿನಾಯಿತಿ ಸಿಕ್ಕಿತು, ಪಂಚಾಯತಿ ಪ್ರದೇಶಗಳ ತೀರ್ಮಾನವನ್ನು 2018ರಲ್ಲಿ ರಾಜ್ಯಗಳಿಗೆ ಬಿಡಲಾಯಿತು. ಅಂಗಡಿ ಎಲ್ಲಿದ್ದರೂ, ಕುಡಿದು ಗಾಡಿ ನಡೆಸುವುದಕ್ಕೆ ಸಡಿಲಿಕೆ ಇಲ್ಲ. 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿ ಗ್ರಾಂ ದಾಟಿದರೆ ಮೊದಲ ಸಲಕ್ಕೇ ₹10,000ದವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಅಕ್ಕ–ತಂಗಿಯರ ಪ್ರಶ್ನೆ

ಇನ್ನು ಹೆಣ್ಣುಮಕ್ಕಳ ಪ್ರಶ್ನೆ. 'ಕ್ರಾಫ್ಟ್', 'ತಾಜಾ', 'ಹಣ್ಣಿನದು' ಎಂಬ ಮಾತುಗಳಿಂದ ಬೀರು ಶರಬತ್ತಾಗುವುದಿಲ್ಲ. ಬೆರೆಸಿದ ಮಾವು ಮದ್ಯಸಾರವನ್ನು ಕಳೆಯುವುದಿಲ್ಲ. ಮದ್ಯ ಎಷ್ಟೇ ಕಡಿಮೆಯಾದರೂ ಆರೋಗ್ಯಕ್ಕೆ ಸುರಕ್ಷಿತ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಶೇ. 5ರ ಬೀರು ಗಟ್ಟಿ ಮದ್ಯಕ್ಕಿಂತ ಸೌಮ್ಯ, ನಿಜ; ಗ್ಲಾಸಿನ ಮೇಲೆ ಗ್ಲಾಸು ಏರಿದರೆ ಲೆಕ್ಕ ಒಂದೇ.

ಈ ಸಂದೇಹ ಬರಿಯ ಭಾವನೆಯದಲ್ಲ, ಅನುಭವದ್ದು. 2007ರಲ್ಲಿ ಮಹಾರಾಷ್ಟ್ರ ಸರಕಾರ ಜೋಳ, ಸಜ್ಜೆ, ಮೆಕ್ಕೆಜೋಳದಿಂದ ಮದ್ಯಸಾರ ಮಾಡುವ ಕಾರ್ಖಾನೆಗಳಿಗೆ ಪ್ರೋತ್ಸಾಹಧನ ಕೊಡುವ ನೀತಿ ತಂದಾಗಲೂ 'ರೈತನಿಗೆ ದರ ಸಿಗುತ್ತದೆ' ಎಂಬ ಮಾತೇ ಮುಂದೆ ಬಂದಿತ್ತು. ರೊಟ್ಟಿಯ ಕಾಳನ್ನು ಬಾಟಲಿಗೆ ಹಾಕುವುದೆ ಎಂದು ದಾರೂಬಂದಿ ಕಾರ್ಯಕರ್ತರು ತೀವ್ರವಾಗಿ ವಿರೋಧಿಸಿದರು. ಅದೇ ವರ್ಷ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದಾಯಿತು. ಅದರ ಹಿಂದೆಯೂ ಹಳ್ಳಿಯ ಹೆಂಗಸರ ಹೋರಾಟವಿತ್ತು.

ಮಹಾರಾಷ್ಟ್ರದ ಹೆಣ್ಣುಮಕ್ಕಳ ಕೈಯಲ್ಲಿ ಒಂದು ಅಸ್ತ್ರವೂ ಇದೆ. 2008ರ ಮಾರ್ಚಿನ ಆದೇಶದ ಪ್ರಕಾರ ಊರಿನ ಶೇ. 25ರಷ್ಟು ಮಹಿಳಾ ಮತದಾರರು ಅರ್ಜಿ ಕೊಟ್ಟರೆ ಗುಪ್ತ ಮತದಾನ. ಗುರುತು ಎರಡು: ಉಭಿ ಬಾಟಲಿ, ಆಡವಿ ಬಾಟಲಿ. ಊರಿನ ಒಟ್ಟು ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಡವಿ ಬಾಟಲಿಗೆ ಮುದ್ರೆ ಒತ್ತಿದರೆ ಅಂಗಡಿಗೆ ಬೀಗ. ಮತಗಟ್ಟೆಗೆ ಬಾರದವರ ಹೆಸರೂ ಒಟ್ಟು ಲೆಕ್ಕದಲ್ಲಿರುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಮನೆಯಲ್ಲಿ ಉಳಿದ ಪ್ರತಿಯೊಬ್ಬಳೂ ತನಗರಿವಿಲ್ಲದೆ ಅಂಗಡಿಯ ಪರವಾಗಿ ನಿಂತಂತೆ.

ಕೊನೆಗೆ ಉಳಿಯುವ ಮಾತು

ಹಂಗಾಮಿನ ಬೀರು ಒಂದು ಸಣ್ಣ ಕಸುಬು. ಕಾಳು, ನೀರು, ಬಿಸಿ, ಸಮಯ ಇಷ್ಟನ್ನು ಅಳತೆಯಲ್ಲಿಡಬಲ್ಲವರಿಗೆ ಕೆಲಸ ಕೊಡುವ ಕಸುಬು. ಪುಣೆ, ಬೆಂಗಳೂರಿನ ಭಟ್ಟಿಗಳಲ್ಲಿ ಬಾಯ್ಲರು, ಟ್ಯಾಂಕು, ತಂಪಿನ ಯಂತ್ರ ನೋಡಿಕೊಳ್ಳುವವರು ಬೇಕಾಗುತ್ತಾರೆ. ಐಟಿಐ ಕಲಿತ, ಫೌಂಡ್ರಿಯಲ್ಲಿ ಕೈ ಪಳಗಿದ ನಮ್ಮ ಹುಡುಗರಿಗೆ ಅದು ತಿಳಿಯದ ಕೆಲಸವಲ್ಲ. ರೈತನಿಗೆ ಅದರಿಂದ ಬರುವುದು ಸ್ವಲ್ಪ. ಆ ಸ್ವಲ್ಪವನ್ನು ದೊಡ್ಡದೆಂದು ಹೇಳಿ ಯಾರಾದರೂ ಹಣ ಹೂಡಲು, ಜಮೀನು ಕೊಡಲು ಕೇಳಿದರೆ ಮೇಲಿನ 26 ಕ್ವಿಂಟಲಿನ ಲೆಕ್ಕವನ್ನು ಅವರ ಮುಂದಿಡಬಹುದು. ಊರಿಗೆ ಬೇಕೇ ಬೇಡವೇ ಎಂಬ ತೀರ್ಮಾನ ಗ್ರಾಮಸಭೆಯಲ್ಲಿ ಆಗಲಿ. ಅಲ್ಲಿ ಗಂಡಸರಷ್ಟೇ ಅಲ್ಲ, ಹೆಂಗಸರೂ ಕುಳಿತಿರಲಿ.